ನಿಲುವಂಗಿಯ ಮುಗ್ಗಲು

ಘಟಿಕೋತ್ಸವಗಳ ಕಾಲ ಬಂದಿತೆಂದರೆ ವಿಶ್ವವಿದ್ಯಾನಿಲಯಗಳುಳ್ಳ ನಮ್ಮ ಪಟ್ಟಣಗಳಲ್ಲಿ ಒಂದು ಬಗೆಯ ಸಂಭ್ರಮವು ತಲೆದೋರುವುದು. ಪದವಿ ಪಡೆಯತಕ್ಕವರ ತಾಯಿತಂದೆಗಳು ದೂರದ ಹಳ್ಳಿಗಳಿಂದ ಹೊಸ ಬಟ್ಟೆ ಉಟ್ಟು ಬರುವರು. ಬಾಡಿಗೆಯ ನಿಲುವಂಗಿಯನ್ನು ತೊಟ್ಟ ಮಗಳ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವರು. ಆ ಚಿತ್ರವು ಮನೆಯ ಗೋಡೆಯನ್ನೇರಿ ಮೂರು ತಲೆಮಾರು ನಿಲ್ಲುವುದು. ಈ ಸಂತೋಷವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಕಷ್ಟಪಟ್ಟು ಓದಿದವರಿಗೂ, ಅವರನ್ನು ಕಷ್ಟಪಟ್ಟು ಓದಿಸಿದವರಿಗೂ ವರುಷಕ್ಕೊಂದು ದಿನದ ಗೌರವ ಸಲ್ಲತಕ್ಕದ್ದೇ. ಆದರೆ ಇಂಥದೊಂದು ಸಮಾರಂಭದ ನಡುವೆ ಯಾರಾದರೂ ಎದ್ದು ನಿಂತು ಪ್ರಶ್ನೆಯನ್ನು ಕೇಳಿದರೆ ಆಗ ನಮ್ಮ ನಡತೆ ಹೇಗಿರಬೇಕು? ಈ ವಿಷಯವನ್ನು ಕುರಿತು ಎರಡು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಾವು ಬಹುದಿನದಿಂದ ಯೋಚಿಸುತ್ತಿದ್ದೆವು.

ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಮೊದಲು ಹೇಳುವೆವು. ಈ ಲೇಖನಿಯನ್ನು ಹಿಡಿಯುವುದಕ್ಕೆ ಮುಂಚೆ ನಾವು ಕೆಲವು ವರುಷ ಅಧ್ಯಾಪಕವೃತ್ತಿಯಲ್ಲಿದ್ದೆವು. ಯಾವ ವಿಶ್ವವಿದ್ಯಾನಿಲಯ, ಯಾವ ವರುಷ ಎಂಬುದರಿಂದ ಇಲ್ಲಿ ಪ್ರಯೋಜನವಿಲ್ಲ. ಆ ವರುಷದ ಘಟಿಕೋತ್ಸವದಲ್ಲಿ ವೇದಿಕೆಯ ಬಲಗಡೆ, ಎರಡನೆಯ ಸಾಲಿನಲ್ಲಿ ನಮಗೆ ಸ್ಥಾನ ದೊರೆತಿತ್ತು. ಕಚೇರಿಯಿಂದ ಕೊಟ್ಟ ನಿಲುವಂಗಿಯು ಪೆಟ್ಟಿಗೆಯಲ್ಲಿ ವರುಷವೆಲ್ಲ ಮಡಿಸಿಟ್ಟದ್ದಾದಕಾರಣ ನುಸಿಗುಳಿಗೆಯ ವಾಸನೆಯೂ ಮುಗ್ಗಲೂ ಬೆರೆತು ಮೂಗಿಗೆ ಬಡಿಯುತ್ತಿದ್ದವು. ಮುಖ್ಯ ಅತಿಥಿಗಳು ಭಾಷಣಕ್ಕೆ ನಿಂತು ಹತ್ತು ನಿಮಿಷ ಕಳೆದಿರಬಹುದು. ಸಭೆಯ ಹಿಂದುಗಡೆ ಸುಮಾರು ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಎದ್ದು ನಿಂತರು. ಅವರು ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಕಾಗದವಿತ್ತು. ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಸುಮ್ಮನೆ ನಿಂತರು. ಅದು ಅವರು ಅಧಿಕಾರಿಗಳಿಗೆ ಕೊಟ್ಟಿದ್ದ ಅರ್ಜಿಯ ನಕಲು. ವಿದ್ಯಾರ್ಥಿವೇತನವು ಬಾರದೆ ವಿದ್ಯಾರ್ಥಿನಿಲಯದ ಊಟದ ಬಾಕಿ ಬೆಳೆದಿತ್ತು. ಬಡವರ ಮಕ್ಕಳು ಒಂದು ಹೊತ್ತಿನ ಊಟವನ್ನು ಬಿಟ್ಟಿದ್ದರು. ಅರ್ಜಿಯನ್ನು ಕೊಟ್ಟು ಏಳು ತಿಂಗಳಾಗಿದ್ದರೂ ಉತ್ತರವೇ ಬಂದಿರಲಿಲ್ಲ.

ಪೋಲೀಸಿನವರು ಬಂದು ಅವರನ್ನು ಹೊರಕ್ಕೆ ಕರೆದೊಯ್ದರು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಸಹೋದ್ಯೋಗಿಗಳೊಬ್ಬರು, "ಇವರನ್ನೆಲ್ಲ ಒಳಗೆ ಹಾಕಿಸಬೇಕು, ಸ್ವಾಮಿ" ಎಂದು ನಮ್ಮ ಕಿವಿಯಲ್ಲಿ ಹೇಳಿದರು. ನಾವು ತಲೆದೂಗಿದೆವು. ಹೊರಗೆ ಹೋಗುತ್ತಿದ್ದವರಲ್ಲಿ ನಮ್ಮ ತರಗತಿಯ ಹುಡುಗನೊಬ್ಬನಿದ್ದನು. ಅವನು ಬಾಗಿಲಿನ ಬಳಿ ತಿರುಗಿ ವೇದಿಕೆಯ ಕಡೆ ನೋಡಿದನು. ನಾವು ಕಣ್ಣನ್ನು ತಗ್ಗಿಸಿ ನಿಲುವಂಗಿಯ ಅಂಚನ್ನು ಸರಿಪಡಿಸಿಕೊಂಡೆವು. ಒಂದು ತಿಂಗಳ ಮೇಲೆ ಯಾವುದೋ ಪ್ರಮಾಣಪತ್ರಕ್ಕೆ ರುಜು ಬೇಕೆಂದು ಅವನು ನಮ್ಮ ಮನೆಗೆ ಬಂದನು. ರುಜು ಹಾಕಿಸಿಕೊಂಡು, ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಗುರುಗಳೇ, ತಾವು ಆ ಅರ್ಜಿಯನ್ನು ಓದಿದ್ದಿರಾ?" ಎಂದು ಕೇಳಿದನು. ನಾವು ಓದಿರಲಿಲ್ಲ. ಅದರ ಪ್ರತಿಯು ನಮ್ಮ ಮೇಜಿನ ಮೇಲೆಯೇ ಏಳು ತಿಂಗಳು ಬಿದ್ದಿದ್ದಿತು.

ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಇತರ ದೇಶಗಳ ಅಧ್ಯಾಪಕರು ಇಂಥ ಸಮಯದಲ್ಲಿ ಹೇಗೆ ನಡೆದುಕೊಂಡರೆಂದು ತಿಳಿಯುವ ಕುತೂಹಲದಿಂದ ಓದತೊಡಗಿದಾಗ ಜರ್ಮನಿ ದೇಶದ ಹ್ಯಾಂಬರ್ಗ್ ನಗರದಲ್ಲಿ 1967ನೆಯ ಇಸವಿಯಲ್ಲಿ ನಡೆದ ಒಂದು ಪ್ರಸಂಗವು ನಮ್ಮ ಕಣ್ಣಿಗೆ ಬಿದ್ದಿತು. ಆ ದೇಶದಲ್ಲಿ ಅದು ಮನೆಮಾತಾಗಿದೆ. ನಮ್ಮಲ್ಲಿ ಅದನ್ನು ಬಲ್ಲವರು ಕೆಲವರೇ. ಆದಕಾರಣ ಅದನ್ನು ಸ್ವಲ್ಪ ವಿವರವಾಗಿ ಹೇಳುವೆವು.

ಕರಿಯ ಬಟ್ಟೆಯ ಮೇಲಿನ ಬಿಳಿಯ ಅಕ್ಷರಗಳು

1967ನೆಯ ಇಸವಿ ನವೆಂಬರ್ 9ನೆಯ ತಾರೀಖು, ಗುರುವಾರ. ಹ್ಯಾಂಬರ್ಗ್ ವಿಶ್ವವಿದ್ಯಾನಿಲಯದ ಮಹಾಸಭಾಂಗಣದಲ್ಲಿ ಅಧಿಕಾರ ಹಸ್ತಾಂತರದ ಉತ್ಸವ. ಆ ವಿಶ್ವವಿದ್ಯಾನಿಲಯದ ಮುಖ್ಯಸ್ಥರನ್ನು ಅಲ್ಲಿಯವರು ರೆಕ್ಟರ್ ಎಂದು ಕರೆಯುತ್ತಿದ್ದರು. ಹಿಂದಿನ ರೆಕ್ಟರ್ ಕಾರ್ಲ್ ಹೈಂಟ್ಸ್ ಷೇಫರರು ಹೊಸ ರೆಕ್ಟರ್ ವೆರ್ನರ್ ಎರ್ಲಿಖರರಿಗೆ ಅಧಿಕಾರವನ್ನು ಒಪ್ಪಿಸತಕ್ಕ ದಿನವದು. ಕರಿಯ ನಿಲುವಂಗಿಗಳನ್ನು ತೊಟ್ಟ ಪ್ರಾಧ್ಯಾಪಕರು ಮೆರವಣಿಗೆಯಾಗಿ, ಗಂಭೀರವಾಗಿ, ಮೆಟ್ಟಿಲುಗಳನ್ನಿಳಿದು ಸಭೆಯೊಳಕ್ಕೆ ಬರುತ್ತಿದ್ದರು. ಆಹ್ವಾನಿತರು ಎದ್ದು ನಿಂತಿದ್ದರು.

ಅಷ್ಟರಲ್ಲಿ ಇಬ್ಬರು ತರುಣರು ಆ ಮೆರವಣಿಗೆಯ ಮುಂಭಾಗಕ್ಕೆ ಬಂದು ಸೇರಿಕೊಂಡರು. ಡೆಟ್ಲೆಫ್ ಆಲ್ಬರ್ಸ್, ಗೆರ್ಟ್ ಹಿನ್ನೆರ್ಕ್ ಬೇಲ್ಮರ್ ಎಂಬುವು ಅವರ ಹೆಸರುಗಳು. ಇಬ್ಬರೂ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು, ವಿದ್ಯಾರ್ಥಿಸಂಘದ ಮಾಜಿ ಮುಖಂಡರು. ಕಪ್ಪು ಸೂಟು, ಟೈ ಧರಿಸಿ, ತಲೆ ಬಾಚಿಕೊಂಡು ಮರ್ಯಾದಸ್ಥರಂತೆ ಬಂದಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಮಡಿಸಿ ಬಚ್ಚಿಟ್ಟುಕೊಂಡು ತಂದಿದ್ದ ಒಂದು ಕರಿಯ ಬಟ್ಟೆಯನ್ನು ಅವರು ಅಗಲವಾಗಿ ಬಿಚ್ಚಿ, ಎರಡು ತುದಿಗಳನ್ನು ಹಿಡಿದುಕೊಂಡು ಪ್ರಾಧ್ಯಾಪಕರ ಮುಂದೆ ಮುಂದೆ ನಡೆದರು. ಬಟ್ಟೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಬರೆದಿದ್ದ ಜರ್ಮನ್ ಮಾತಿನ ಅರ್ಥವು ಕನ್ನಡದಲ್ಲಿ ಹೀಗಾಗುವುದು: "ನಿಲುವಂಗಿಗಳ ಅಡಿಯಲ್ಲಿ ಸಾವಿರ ವರುಷಗಳ ಮುಗ್ಗಲು." ಮೂಲದಲ್ಲಿ ಅದು ಪ್ರಾಸಬದ್ಧವಾಗಿದ್ದು ಒಮ್ಮೆ ಕೇಳಿದವರ ಕಿವಿಯಲ್ಲಿ ನಿಲ್ಲುವಂಥದು.

ಬರೆಹವು ಸಭೆಯ ಕಡೆಗೆ ಮುಖಮಾಡಿದ್ದಿತು. ಹಿಂದೆ ಬರುತ್ತಿದ್ದ ಪ್ರಾಧ್ಯಾಪಕರಿಗೆ ಕಾಣುತ್ತಿದ್ದುದು ಬಟ್ಟೆಯ ಬೆನ್ನು ಮಾತ್ರ. ಸಭಿಕರು ನಗುತ್ತಿರುವರು, ಛಾಯಾಚಿತ್ರಗಾರರು ಚಿತ್ರ ತೆಗೆಯುತ್ತಿರುವರು. ಆದರೆ ತಮ್ಮ ವಿಷಯವಾಗಿ ಏನನ್ನು ಬರೆದಿದೆ ಎಂಬುದು ಮೆರವಣಿಗೆಯಲ್ಲಿರುವವರಿಗೇ ತಿಳಿಯದು! ಅಧಿಕಾರದಲ್ಲಿರುವವರ ಸ್ಥಿತಿ ಎಲ್ಲೆಡೆಯಲ್ಲಿಯೂ ಹೀಗೆಯೇ ಅಲ್ಲವೆ?

ಸಾವಿರ ವರುಷಗಳ ಅರ್ಥ

ವಾಚಕರು ಇಲ್ಲಿ ಒಂದು ಶಂಕೆಯನ್ನು ಎತ್ತಬಹುದು. ಹ್ಯಾಂಬರ್ಗ್ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1919ರಲ್ಲಿ. ಅಂದಿಗೆ ಅದಕ್ಕೆ ಐವತ್ತು ವರುಷವೂ ತುಂಬಿರಲಿಲ್ಲ. ನಮ್ಮ ಮೈಸೂರು ವಿಶ್ವವಿದ್ಯಾನಿಲಯಕ್ಕಿಂತಲೂ ಅದು ಮೂರು ವರುಷ ಚಿಕ್ಕದು. ಹಾಗಿರಲು ಸಾವಿರ ವರುಷಗಳ ಮುಗ್ಗಲು ಎಲ್ಲಿಂದ ಬಂದಿತು? ಆ ಮಾತಿನ ಮುಳ್ಳು ಇರುವುದು ಇಲ್ಲಿಯೇ. ಹಳೆಯ ಸಂಪ್ರದಾಯಗಳ ಜಡತೆಯನ್ನು ಹಂಗಿಸಿದಂತೆ ಅದು ಮೇಲೆ ತೋರುವುದು. ಆದರೆ ಹಿಟ್ಲರನ ಅನುಯಾಯಿಗಳು ತಮ್ಮ ರಾಜ್ಯವು ಸಾವಿರ ವರುಷ ಬಾಳುವುದೆಂದು ಸಾರಿದ್ದರು. ಅದು ಬಾಳಿದುದು ಹನ್ನೆರಡು ವರುಷ. ಆ ಹನ್ನೆರಡು ವರುಷಗಳ ವಾಸನೆ ಈ ಅಂಗಿಗಳಿಂದ ಇನ್ನೂ ಹೋಗಿಲ್ಲವೆಂಬುದೇ ತರುಣರ ಆಪಾದನೆ.

ಆಪಾದನೆಯು ನಿರಾಧಾರವೆ? ಆ ವಿಶ್ವವಿದ್ಯಾನಿಲಯದ ಚರಿತ್ರೆಯನ್ನೇ ನೋಡೋಣ. ತತ್ತ್ವಶಾಸ್ತ್ರದಲ್ಲಿ ಲೋಕವಿಖ್ಯಾತರಾದ ಎರ್ನ್ಸ್ಟ್ ಕಸೀರರರು 1929-30ರಲ್ಲಿ ಅದರ ರೆಕ್ಟರಾಗಿದ್ದರು. ಅವರು ಯೆಹೂದ್ಯರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ಅವರು ದೇಶವನ್ನು ಬಿಟ್ಟು ಹೋಗಬೇಕಾಯಿತು. ಕಲಾಚರಿತ್ರೆಯ ಪನೋಫ್‌ಸ್ಕಿ, ಮನಶ್ಶಾಸ್ತ್ರದ ವಿಲಿಯಂ ಷ್ಟೆರ್ನ್, ಮುಂದೆ 1943ನೆಯ ವರುಷದ ನೊಬೆಲ್ ಬಹುಮಾನವನ್ನು ಪಡೆದ ಭೌತವಿಜ್ಞಾನಿ ಒಟ್ಟೋ ಷ್ಟೆರ್ನ್, ಇವರೆಲ್ಲರೂ ಅದೇ ಕಾಲದಲ್ಲಿ ಪೀಠಗಳನ್ನು ಕಳೆದುಕೊಂಡವರು. ಇಂಥ ಮಹನೀಯರು ಹೊರಗೆ ಹೋಗುತ್ತಿದ್ದಾಗ ಪಕ್ಕದ ಪೀಠಗಳಲ್ಲಿದ್ದವರಲ್ಲಿ ಬಹುಮಂದಿ ಬಾಯಿ ತೆರೆಯಲಿಲ್ಲ. ಯುದ್ಧವು ಮುಗಿದಮೇಲೆ ಆ ಮೌನಿಗಳಲ್ಲಿಯೂ, ನಾಜಿ ಪಕ್ಷದ ಸದಸ್ಯರಾಗಿದ್ದವರಲ್ಲಿಯೂ ಅನೇಕರು ಪೀಠಗಳಲ್ಲಿ ಮುಂದುವರಿದರು, ಇಲ್ಲವೆ ಹಿಂದಿರುಗಿ ಬಂದರು. ಹಳೆಯ ಅಂಗಿಯನ್ನು ಒಗೆಯದೆಯೇ ತೊಟ್ಟುಕೊಂಡರು.

ಇದಕ್ಕೆ ಸಾಕ್ಷ್ಯವನ್ನು ಹುಡುಕಲು ಬಹುದೂರ ಹೋಗಬೇಕಾಗಿರಲಿಲ್ಲ. ಅಂದಿನ ಸಭೆಯಲ್ಲಿಯೇ ಅದು ದೊರೆಯಿತು. ಪೌರ್ವಾತ್ಯ ಇತಿಹಾಸದಲ್ಲಿ ದೊಡ್ಡ ಪಂಡಿತರೆನಿಸಿದ ಪ್ರಾಧ್ಯಾಪಕ ಬೆರ್ಟೋಲ್ಡ್ ಷ್ಪೂಲರರು ವಿದ್ಯಾರ್ಥಿಗಳನ್ನು ನೋಡಿ, "ನಿಮ್ಮನ್ನೆಲ್ಲ ಕಾನ್ಸೆಂಟ್ರೇಷನ್ ಕ್ಯಾಂಪಿಗೆ ಹಾಕಬೇಕು" ಎಂದು ಕೂಗಿದರು. ಇವರು ಹಿಂದೆ ನಾಜಿ ಪಕ್ಷದಲ್ಲಿಯೂ ಅದರ ದಂಡಾಳುಗಳ ಪಡೆಯಲ್ಲಿಯೂ ಇದ್ದವರು. ಆ ಸಭಾಂಗಣದಿಂದ ಬಹುದೂರವಲ್ಲದ ನೊಯೆನ್‌ಗಾಮ್ಮೆ ಎಂಬಲ್ಲಿ 1938ರಿಂದ 1945ರವರೆಗೆ ನಾಜಿಗಳ ಬಂದಿಶಿಬಿರವಿದ್ದು ಆ ಶಿಬಿರವ್ಯವಸ್ಥೆಯಲ್ಲಿ 40,000ಕ್ಕೂ ಹೆಚ್ಚು ಜನರು ಸತ್ತಿದ್ದರು. ಆ ಊರಿನಲ್ಲಿ, ಆ ಭಾಷೆಯಲ್ಲಿ, ಒಬ್ಬ ಪ್ರಾಧ್ಯಾಪಕನು ಆ ಮಾತನ್ನು ಆಡಿದುದು ಬಟ್ಟೆಯ ಮೇಲಿನ ಬರೆಹಕ್ಕೆ ತಾನೇ ರುಜು ಹಾಕಿಕೊಟ್ಟಂತಾಯಿತು. ಷ್ಪೂಲರರನ್ನು ಕೆಲವು ಕಾಲ ಕೆಲಸದಿಂದ ದೂರವಿಟ್ಟರು. ಅನಂತರ ಅವರು ಮತ್ತೆ ಪಾಠ ಹೇಳಿದರು.

ಇನ್ನೆರಡು ಸಂಗತಿಗಳನ್ನೂ ಇಲ್ಲಿ ಹೇಳಬೇಕು. ಆ ಕರಿಯ ಬಟ್ಟೆಯು ಶೋಕಕ್ಕೆಂದು ತಂದ ಬಟ್ಟೆಯಲ್ಲಿ ಉಳಿದ ತುಂಡೆಂದು ಆ ತರುಣರೇ ಮುಂದೆ ತಿಳಿಸಿರುವರು. ಅದೇ ವರುಷ ಜೂನ್ 2ನೆಯ ತಾರೀಖು ಪಶ್ಚಿಮ ಬರ್ಲಿನ್ನಿನಲ್ಲಿ ಇರಾಣದ ಷಹರ ಭೇಟಿಯನ್ನು ವಿರೋಧಿಸಿ ನಡೆದ ಪ್ರದರ್ಶನದಲ್ಲಿ ಬೆನ್ನೋ ಓನೆಜೋರ್ಗ್ ಎಂಬ ಇಪ್ಪತ್ತಾರು ವಯಸ್ಸಿನ ವಿದ್ಯಾರ್ಥಿಯು ಪೋಲೀಸಿನವನೊಬ್ಬನ ಗುಂಡಿಗೆ ಬಲಿಯಾಗಿದ್ದನು. ಗುಂಡು ಹಾರಿಸಿದವನ ವಿಚಾರಣೆಯು ನವೆಂಬರಿನಲ್ಲಿ ನಡೆಯುತ್ತಿದ್ದಿತು. ತಮ್ಮಂಥವನೊಬ್ಬನಿಗಾಗಿ ಶೋಕವನ್ನು ಸೂಚಿಸಿದ ಬಟ್ಟೆಯೇ ವಿಶ್ವವಿದ್ಯಾನಿಲಯದ ಉತ್ಸವದಲ್ಲಿ ಧ್ವಜವಾಯಿತು. ಮತ್ತೊಂದು ಸಂಗತಿ: ಆ ಸಭಾಂಗಣದ ಹೊರಾಂಗಣದ ನೆಲದಲ್ಲಿ ಇಂದು ಒಂದು ಸ್ಮಾರಕಫಲಕವಿರುವುದು. ನಾಜಿ ಆಳ್ವಿಕೆಯನ್ನು ವಿರೋಧಿಸಿ ಪ್ರಾಣವನ್ನು ತೆತ್ತ ಹಾನ್ಸ್ ಲೈಪೆಲ್ಟ್, ಮಾರ್ಗರೆಟಾ ರೋಟೆ, ರೈನ್‌ಹೋಲ್ಡ್ ಮೈಯರ್, ಫ್ರೆಡೆರಿಕ್ ಗಾಯ್ಸನ್‌ಹೈನರ್ ಎಂಬ ನಾಲ್ವರು ವಿದ್ಯಾರ್ಥಿಗಳ ಹೆಸರುಗಳು ಅದರಲ್ಲಿವೆ. ಅದನ್ನು ಅಲ್ಲಿ ಇರಿಸಿದುದು 1971ರಲ್ಲಿ, ಎಂದರೆ ಆ ಬಟ್ಟೆಯನ್ನು ಬಿಚ್ಚಿ ನಾಲ್ಕು ವರುಷಗಳಾದಮೇಲೆ.

ಬಟ್ಟೆಯ ಫಲ

ಎರಡು ನಿಮಿಷದ ಆ ಪ್ರಸಂಗದಿಂದ ಏನಾಯಿತು? ಅದೊಂದರಿಂದಲೇ ಎಲ್ಲವೂ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಹ್ಯಾಂಬರ್ಗ್ ರಾಜ್ಯವು 1969ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೊಸ ಶಾಸನವನ್ನು ವಿಧಿಸಿತು. ಅದುವರೆಗೆ ಪೀಠಾಧಿಪತಿಗಳಾದ ಪ್ರಾಧ್ಯಾಪಕರದೇ ಸರ್ವಾಧಿಕಾರ. ಕಿರಿಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಆಡಳಿತದಲ್ಲಿ ಮಾತೇ ಇರಲಿಲ್ಲವೆನ್ನಬಹುದು. ಹೊಸ ಶಾಸನವು ಅವರಿಗೂ ಸಭೆಗಳಲ್ಲಿ ಸ್ಥಾನ ಕೊಟ್ಟಿತು. ರೆಕ್ಟರ್ ಪದವಿಯನ್ನು ತೆಗೆದು ಅಧ್ಯಕ್ಷಪದವಿಯನ್ನು ಸ್ಥಾಪಿಸಿತು. 1970ರಲ್ಲಿ ಆ ಸ್ಥಾನಕ್ಕೆ ಬಂದ ಪೀಟರ್ ಫಿಷರ್ ಅಪ್ಪೆಲ್ಟರು ಪ್ರಾಧ್ಯಾಪಕರಲ್ಲ, ಮೂವತ್ತೇಳು ವಯಸ್ಸಿನ ಒಬ್ಬ ಸಹಾಯಕ ಅಧ್ಯಾಪಕರು. ಅವರು 1991ರವರೆಗೆ ಆ ಭಾರವನ್ನು ಹೊತ್ತರು. ವಿದ್ಯಾರ್ಥಿಗಳು ಬಯಸಿದುದೆಲ್ಲವೂ ನೆರವೇರಲಿಲ್ಲ. ಬೋಧನೆ ಸಂಶೋಧನೆಗಳ ವಿಷಯದಲ್ಲಿ ಪ್ರಾಧ್ಯಾಪಕರ ಮಾತಿಗೆ ಹೆಚ್ಚಿನ ತೂಕವಿರಬೇಕೆಂದು ಆ ದೇಶದ ಸಂವಿಧಾನ ನ್ಯಾಯಾಲಯವು 1973ರಲ್ಲಿ ತೀರ್ಪು ಕೊಟ್ಟಿತು. ಈ ತೀರ್ಪು ಅಯುಕ್ತವೆಂದು ನಾವು ಹೇಳಲಾರೆವು. ಪಾಠವನ್ನು ಹೇಳಬಲ್ಲವನಿಗೆ ಪಾಠದ ವಿಷಯದಲ್ಲಿ ಅಧಿಕಾರವಿರಬೇಕಾದುದೇ.

ಬಟ್ಟೆ ಹಿಡಿದವರ ಗತಿಯೇನಾಯಿತು? ನಮ್ಮ ಅಧಿಕಾರಿವರ್ಗದವರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಬೇಡುವೆವು. ಬೇಲ್ಮರರು ಹ್ಯಾಂಬರ್ಗ್ ಸರ್ಕಾರದಲ್ಲಿಯೇ ಉನ್ನತ ಹುದ್ದೆಗೇರಿದರು. ಆಲ್ಬರ್ಸರು ಬ್ರೆಮೆನ್ ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾದರು. ತಮ್ಮ ಪಕ್ಷದ ಪ್ರಾಂತೀಯ ಅಧ್ಯಕ್ಷರೂ ಆಗಿ 2008ರಲ್ಲಿ ತೀರಿಕೊಂಡರು. ಪ್ರಾಧ್ಯಾಪಕರ ಮುಂದೆ ಬಟ್ಟೆ ಹಿಡಿದವನೇ ಪ್ರಾಧ್ಯಾಪಕನಾಗಿ ಆ ದಿನವನ್ನು ತನ್ನ ವಿದ್ಯಾರ್ಥಿಗಳ ಪೀಳಿಗೆಗೆ ನೆನೆದು ಹೇಳುವಂತಾಯಿತು. ಆ ಬಟ್ಟೆಯೋ, ಇಂದು ಹ್ಯಾಂಬರ್ಗಿನ ಸರ್ಕಾರೀ ದಾಖಲೆಗಳ ಭಂಡಾರದಲ್ಲಿ ಜೋಪಾನವಾಗಿದೆ. ಒಂದು ಕಾಲದಲ್ಲಿ ದಂಡನಾರ್ಹವೆನಿಸಿದುದನ್ನೇ ರಾಜ್ಯವು ಮುಂದೆ ತನ್ನ ಚರಿತ್ರೆಯೆಂದು ಕಾಪಾಡುವುದುಂಟು.

ನಮ್ಮ ಅಂಗಿಗಳು

ಇನ್ನು ನಮ್ಮ ದೇಶದ ಮಾತು. ಕಲ್ಕತ್ತೆ, ಬೊಂಬಾಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು 1857ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಸ್ಥಾಪಿತವಾದಾಗ ಈ ನಿಲುವಂಗಿಯೂ ಜತೆಯಲ್ಲಿಯೇ ಬಂದಿತು. ನಮ್ಮ ಬಿಸಿಲಿಗೂ ಅದಕ್ಕೂ ಎಣ್ಣೆಸೀಗೆಯ ನಂಟು. 2010ರ ಏಪ್ರಿಲ್‌ನಲ್ಲಿ ಅಂದಿನ ಕೇಂದ್ರಮಂತ್ರಿಗಳಾದ ಜಯರಾಂ ರಮೇಶರು ಭೋಪಾಲದ ಘಟಿಕೋತ್ಸವವೊಂದರಲ್ಲಿ ವೇದಿಕೆಯ ಮೇಲೆಯೇ ಅದನ್ನು ಕಳಚಿ, ಇದು ವಸಾಹತುಶಾಹಿಯ ಅವಶೇಷವೆಂದು ಖಂಡಿಸಿದರು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರಲ್ಲಿಯೂ 2019ರಲ್ಲಿಯೂ ಘಟಿಕೋತ್ಸವದ ಉಡುಪುಗಳಿಗೆ ಕೈಮಗ್ಗದ ಬಟ್ಟೆಯನ್ನು ಬಳಸಬೇಕೆಂದು ಸಲಹೆ ಮಾಡಿತು. ನೇಕಾರನಿಗೆ ಇದರಿಂದ ನಾಲ್ಕು ಕಾಸು ಬರುವುದಾದರೆ ಅದು ಸ್ವಾಗತಾರ್ಹವೇ. ಸ್ವದೇಶೀ ವಸ್ತ್ರವನ್ನು ಅಭಿಮಾನದಿಂದ ಧರಿಸಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೆ ಹ್ಯಾಂಬರ್ಗಿನ ತರುಣರು ನಿಲುವಂಗಿಯ ಬಣ್ಣವನ್ನಾಗಲಿ ನೂಲನ್ನಾಗಲಿ ದೂರಲಿಲ್ಲ. ಅದರ ಅಡಿಯಲ್ಲಿ ಏನಿದೆಯೆಂದು ಕೇಳಿದರು. ಅಂಗಿಯನ್ನು ಕಳಚಿದ ಮಾತ್ರಕ್ಕೆ ಆ ಪ್ರಶ್ನೆ ತೀರುವುದಿಲ್ಲ. ಜರ್ಮನಿಯಲ್ಲಿಯೂ 1967ರ ಈಚೆಗೆ ಪ್ರಾಧ್ಯಾಪಕರು ನಿಲುವಂಗಿಗಳನ್ನು ಮಡಿಸಿಟ್ಟರು. ಈಗ ಹಲವೆಡೆ ವಿದ್ಯಾರ್ಥಿಗಳೇ ಅವನ್ನು ಮತ್ತೆ ತೊಟ್ಟು ನಲಿಯುತ್ತಿರುವರು. ಅಂಗಿಯು ಹೋಗುವುದು, ಬರುವುದು. ಕೈಮಗ್ಗದ ಶಾಲು ಹೊದ್ದ ವೇದಿಕೆಯ ಮೇಲೂ ಏಳು ತಿಂಗಳ ಅರ್ಜಿಗೆ ಉತ್ತರವಿಲ್ಲದಿದ್ದರೆ ಮುಗ್ಗಲು ಮುಗ್ಗಲೇ. ಅದು ಸ್ವದೇಶೀ ಮುಗ್ಗಲೆಂಬುದೊಂದೇ ವಿಶೇಷ.

ನಮ್ಮಲ್ಲಿ ಇನ್ನೊಂದು ವಿಚಿತ್ರವುಂಟು. 1932ನೆಯ ಇಸವಿ ಫೆಬ್ರವರಿ 6ರಂದು ಕಲ್ಕತ್ತೆಯ ಘಟಿಕೋತ್ಸವದಲ್ಲಿ ಪದವಿ ಪಡೆಯಲು ಬಂದಿದ್ದ ಬೀನಾ ದಾಸ್ ಎಂಬ ಕನ್ನೆಯು ಗವರ್ನರ್ ಸ್ಟಾನ್ಲಿ ಜಾಕ್ಸನ್ನನ ಮೇಲೆ ಗುಂಡು ಹಾರಿಸಿದಳು. ಗುರಿ ತಪ್ಪಿತು, ಒಂಬತ್ತು ವರುಷಗಳ ಕಠಿನ ಶಿಕ್ಷೆಯಾಯಿತು. ಆ ಮನುಷ್ಯನ ಮೇಲೆ ತನಗೆ ದ್ವೇಷವಿಲ್ಲ, ಅವನು ಪ್ರತಿನಿಧಿಸುವ ದಾಸ್ಯದ ಮೇಲೆ ಮಾತ್ರವೇ ಎಂದು ಆಕೆ ನ್ಯಾಯಾಲಯದಲ್ಲಿ ಹೇಳಿಕೆ ಕೊಟ್ಟಳು. ಆಕೆಯ ಮಾರ್ಗವನ್ನು ನಾವು ಒಪ್ಪುವುದಿಲ್ಲ. ಆದರೂ ಆ ಹೆಸರನ್ನು ಗೌರವದಿಂದ ಉಚ್ಚರಿಸುವೆವು. ಅಂದು ತಡೆಹಿಡಿದ ಪದವಿಯನ್ನು ಕಲ್ಕತ್ತೆಯ ವಿಶ್ವವಿದ್ಯಾನಿಲಯವು 2012ರಲ್ಲಿ, ಆಕೆ ತೀರಿಕೊಂಡು ಇಪ್ಪತ್ತೈದು ವರುಷಗಳಾದಮೇಲೆ ಕೊಟ್ಟಿತು. ಪರಕೀಯ ಪ್ರಭುತ್ವದ ಎದುರಿಗೆ ಪಿಸ್ತೂಲು ಹಿಡಿದವಳನ್ನು ಕೊಂಡಾಡುವ ನಾವು, ಸ್ವರಾಜ್ಯದಲ್ಲಿ ನಮ್ಮ ಎದುರಿಗೆ ಬರಿಯ ಕಾಗದವನ್ನು ಹಿಡಿದವನನ್ನು ಸಹಿಸಲಾರೆವೆಂದರೆ, ನಾವು ಪ್ರೀತಿಸುವುದು ಸ್ವಾತಂತ್ರ್ಯವನ್ನೋ, ಅಥವಾ ನಾವು ಕುಳಿತಿರುವ ಕುರ್ಚಿಯನ್ನೋ?

ವಿದ್ಯಾರ್ಥಿಗಳು ಮಾಡುವುದೆಲ್ಲವೂ ಸರಿಯೆಂದು ವಾದಿಸುವವರಲ್ಲಿ ನಾವು ಸೇರಿದವರಲ್ಲ. ದೂರದಿಂದ ಬಂದ ತಾಯಿತಂದೆಗಳ ಒಂದು ದಿನದ ಸಂತೋಷವನ್ನು ಗದ್ದಲದಿಂದ ಕೆಡಿಸುವುದು ತಪ್ಪು. ಅತಿಥಿಯ ಮೇಲೆ ಕೈಯೆತ್ತುವುದು, ಸ್ವತ್ತನ್ನು ಹಾಳುಮಾಡುವುದು ಮತ್ತೂ ತಪ್ಪು. ಯಾರದೋ ರಾಜಕೀಯ ಪಕ್ಷದ ಕೈಗೊಂಬೆಯಾಗುವ ವಿದ್ಯಾರ್ಥಿಯು ತನ್ನ ಮಾತಿನ ಬೆಲೆಯನ್ನು ತಾನೇ ಕಳೆಯುವನು. ಹ್ಯಾಂಬರ್ಗಿನವರು ಇವಾವುದನ್ನೂ ಮಾಡದೆ, ಒಂದು ಬಟ್ಟೆಯಿಂದ, ಒಂದು ವಾಕ್ಯದಿಂದ, ತಮ್ಮ ಕಾರ್ಯವನ್ನು ಸಾಧಿಸಿದರು. ಅವರ ಬಲವು ಕಂಠದಲ್ಲಿರಲಿಲ್ಲ; ಹೇಳಿದ ಮಾತು ನಿಜವಾಗಿದ್ದುದರಲ್ಲಿದ್ದಿತು.

ಅಧ್ಯಾಪಕ ಮಿತ್ರರಿಗೂ ಅಧಿಕಾರಿಗಳಿಗೂ ನಾವು ಹೇಳತಕ್ಕುದು ಇಷ್ಟೇ. ಘಟಿಕೋತ್ಸವದ ಆಹ್ವಾನಪತ್ರಿಕೆಯು ಅಚ್ಚಿಗೆ ಹೋಗುವುದಕ್ಕೆ ಮುಂಚೆ, ಮೇಜಿನ ಮೇಲಿರುವ ವಿದ್ಯಾರ್ಥಿಗಳ ಅರ್ಜಿಗಳನ್ನು ಒಂದು ಸಲ ಓದಿರಿ. ಸಾಧ್ಯವಾದುದನ್ನು ನೆರವೇರಿಸಿರಿ; ಆಗದುದನ್ನು ಆಗದೆಂದು ಕಾರಣಸಹಿತವಾಗಿ ಬರೆದು ತಿಳಿಸಿರಿ. ಇದಕ್ಕೆ ಹೊಸ ಶಾಸನವೂ ಬೇಕಿಲ್ಲ, ಆಯೋಗವೂ ಬೇಕಿಲ್ಲ. ಇಷ್ಟನ್ನು ಮಾಡಿದಮೇಲೂ ಸಭೆಯಲ್ಲಿ ಯಾರಾದರೂ ಎದ್ದು ನಿಂತರೆ, ಪೋಲೀಸಿನವರನ್ನು ಕರೆಯುವ ಮೊದಲು ಅವರ ಕೈಯಲ್ಲಿರುವುದೇನೆಂದು ನೋಡಿರಿ.

ನಮ್ಮ ಹೊಸ್ತಿಲಲ್ಲಿ ನಿಂತು ಪ್ರಶ್ನೆ ಕೇಳಿದ ಆ ಹುಡುಗನಿಗೆ ಅಂದು ನಾವು ಉತ್ತರ ಕೊಡಲಿಲ್ಲ. ಬಿಸಿಲು ಬಹಳವಾಗಿದೆ, ಜೋಪಾನವಾಗಿ ಹೋಗಪ್ಪ ಎಂದು ಕಳುಹಿಸಿಕೊಟ್ಟೆವು. ಅವನು ಈಗ ಎಲ್ಲಿರುವನೋ ತಿಳಿಯದು. ಈ ಪತ್ರಿಕೆಯು ಅವನ ಕೈಗೆ ಬೀಳುವುದಾದರೆ ಆ ಅರ್ಜಿಯನ್ನು ನಾವು ಓದಿರಲಿಲ್ಲವೆಂಬುದನ್ನು ಇಂದು ಒಪ್ಪಿಕೊಳ್ಳುವೆವು. ಅವನು ಹೋದಮೇಲೆ ಅಂದೇ ಸಂಜೆ ಓದಿದೆವು. ಅದರಲ್ಲಿದ್ದುದೆಲ್ಲವೂ ನಿಜವಾಗಿದ್ದಿತು.